ಪ್ರತಿಕ್ರಿಯೆ: ನದಿಗಳ ಪಾಠಕ್ಕೆ ಒಂದು ಆಟ

ಏಳನೇ ತರಗತಿಯ ಮಕ್ಕಳಿಗೆ ಪಶ್ಚಿಮ ಘಟ್ಟದ ನದಿಗಳನ್ನು ಆಟವಾಡಿಸುತ್ತಾ ಕಲಿಸುವುದು ಹೇಗೆ ಎಂದು ಕೇಳಿದ್ದೀರಿ. ರಸಪ್ರಶ್ನೆಯ ಆ್ಯಪ್‌ಗಳಿಗಿಂತ ಗೂಗಲ್ ಅರ್ತ್ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕರ್ಸರ್ ಇಟ್ಟ ಜಾಗದ ಎತ್ತರ ಅಲ್ಲಿ ತಕ್ಷಣ ಕಾಣುತ್ತದೆ. ಒಂದು ತಂಡ ಉಗಮಸ್ಥಾನ ಅಂಬುತೀರ್ಥದಿಂದ ಶರಾವತಿಯನ್ನೂ ಇನ್ನೊಂದು ತನ್ನ ನದಿಯ ಉಗಮಸ್ಥಾನ ಗಂಗಾಮೂಲದಿಂದ ತುಂಗೆಯನ್ನೂ ಹಿಡಿದು ಹೊರಡಲಿ. ಹೊಳೆ ಮುಂದೆ ಎತ್ತ ತಿರುಗುತ್ತದೆ ಎಂದು ಎತ್ತರ ನೋಡಿ ಊಹಿಸಿದ ಮೇಲೆಯೇ ಮುಂದುವರಿಯಲಿ. ಶರಾವತಿಯವರು ಜೋಗದಲ್ಲಿ 253 ಮೀಟರ್ ಧುಮುಕಿ ಬೇಗನೆ ಹೊನ್ನಾವರದ ಕಡಲು ಸೇರುವಾಗ, ತುಂಗೆಯವರು ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಹಂಪಿ ದಾಟಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಯತ್ತ ಇನ್ನೂ ಸಾಗುತ್ತಿರುತ್ತಾರೆ. ಹಂಪಿಯಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ: ಉತ್ತರಕ್ಕೆ ಹೊಳೆ, ಸುತ್ತ ಬಂಡೆಗುಡ್ಡಗಳಿರುವ ಈ ಜಾಗವನ್ನೇ ವಿಜಯನಗರದ ಅರಸರು ರಾಜಧಾನಿಗೆ ಆರಿಸಿದ್ದೇಕೆ ಎಂದು ಕೇಳಿ, ಇತಿಹಾಸದ ಪಾಠಕ್ಕೆ ಅಲ್ಲಿಂದಲೇ ಹೊರಳಬಹುದು. ಮಕ್ಕಳು ತಮ್ಮ ಊಹೆಗೆ ಏನು ಕಾರಣ ಕೊಡುತ್ತಾರೆ ಎಂಬುದನ್ನು ನೋಡಿ ಅಂಕ ಕೊಡಿ, ವೇಗಕ್ಕೆ ಬೇಡ.