12 ಜನರ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಯಾರಿಗೆ ಸಿಗುತ್ತದೆ?

ಪ್ರಶ್ನೆ: ಬಿವಿಎ (ದೃಶ್ಯಕಲಾ ಪದವಿ) ಮುಗಿಸಿ ಬೆಂಗಳೂರಿನಲ್ಲಿ 6 ತಿಂಗಳ ಅನಿಮೇಷನ್ ಕೋರ್ಸ್ ಮಾಡಿದೆ. 20ಕ್ಕೂ ಹೆಚ್ಚು ಸಣ್ಣ ಸ್ಟುಡಿಯೋಗಳಿಗೆ ಬಯೋಡೇಟಾ, ಸರ್ಟಿಫಿಕೇಟು ಕಳಿಸಿದ್ದೇನೆ. ಒಂದರಿಂದಲೂ ಉತ್ತರವಿಲ್ಲ. ತಪ್ಪು ಎಲ್ಲಾಗಿದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಾನು ನಡೆಸುವ ಸ್ಟುಡಿಯೋದಲ್ಲಿ ಇರುವುದು 12 ಜನ. ಇಷ್ಟು ವರ್ಷದಲ್ಲಿ ಯಾರ ಸರ್ಟಿಫಿಕೇಟನ್ನೂ ನಾನು ತೆರೆದು ನೋಡಿಲ್ಲ. ನನ್ನದೇ ಎಲ್ಲಿದೆಯೋ ಗೊತ್ತಿಲ್ಲ.

ಒಳಗೆ ಕೆಲಸ ಹೇಗೆ ಸಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಒಂದು ಜಾಹೀರಾತೋ, ಮಕ್ಕಳ ಸರಣಿಯ ಕೆಲವು ಕಂತುಗಳೋ ಬರುತ್ತವೆ. ಕಥೆ ಒಪ್ಪಿಗೆಯಾದ ಮೇಲೆ ಸ್ಟೋರಿಬೋರ್ಡ್, ಅಂದರೆ ಕಥೆಯನ್ನು ಶಾಟ್ ಶಾಟ್ ಆಗಿ ಚಿತ್ರದಲ್ಲಿ ಬರೆಯುವುದು. ಆ ಚಿತ್ರಗಳನ್ನೇ ದನಿಯ ಜತೆ ಕೂಡಿಸಿ, ಯಾವ ಶಾಟ್ ಎಷ್ಟು ಹೊತ್ತು ಅಂತ ನೋಡುವುದು ಅನಿಮ್ಯಾಟಿಕ್. ಅಷ್ಟೊತ್ತಿಗೆ ಕ್ಲೈಂಟ್ ಹೂಂ ಅನ್ನಲೇಬೇಕು. ಒಂದು ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬರೆಯುವಾಗ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ನಿಮಿಷಕ್ಕೆ 720 ಚಿತ್ರ. ಅಷ್ಟೂ ಆದ ಮೇಲೆ 'ಆ ಹುಡುಗನಿಗೆ ಟೋಪಿ ಬೇಡ' ಅಂದರೆ ನಮ್ಮ ಗತಿ ಏನು ಹೇಳಿ.

ದೊಡ್ಡ ಕಂಪನಿಯಲ್ಲಿ ಪಾತ್ರಕ್ಕೆ ಮೂಳೆ ಕೂರಿಸುವ ರಿಗ್ಗರ್ ಬೇರೆ, ಅದನ್ನು ಆಡಿಸುವ ಅನಿಮೇಟರ್ ಬೇರೆ, ಬೆಳಕು ಹಾಕುವವರು ಬೇರೆ. ನಮ್ಮಲ್ಲಿ ಸ್ಟೋರಿಬೋರ್ಡ್ ಬರೆದವಳೇ ಬ್ಯಾಕ್‌ಗ್ರೌಂಡಿಗೂ ಬಣ್ಣ ಹಾಕುತ್ತಾಳೆ. ರಾತ್ರಿಯಿಡೀ ಕಂಪ್ಯೂಟರ್ ಫ್ರೇಮ್‌ಗಳನ್ನು ಸಿದ್ಧಮಾಡುವ ಕೆಲಸ, ಅಂದರೆ ರೆಂಡರ್, ನಡುವೆ ನಿಂತುಹೋದರೆ ಎದ್ದು ನೋಡುವವನು ರಿಗ್ಗರ್.

ದುಡ್ಡು ಬರುವುದೂ ಕಂತಿನಲ್ಲೇ. ಮೊದಲು ಅಡ್ವಾನ್ಸ್, ಅನಿಮ್ಯಾಟಿಕ್ ಆದಾಗ ಒಂದಿಷ್ಟು, ಕೆಲಸ ಒಪ್ಪಿಸಿದ ಮೇಲೆ ಉಳಿದದ್ದು. (ಕೊನೆಯ ಕಂತಿಗೆ ಕಾದೂ ಕಾದೂ ನನ್ನ ಕೂದಲು ನರೆತಿದೆ, ಆ ಮಾತು ಬಿಡಿ.) ಹೀಗಾಗಿ ನಮಗೆ ಜನ ಬೇಕಾಗುವುದು ಅಡ್ವಾನ್ಸ್ ಬಂದ ವಾರ. ಆಗ ಇಬ್ಬರನ್ನೋ ಮೂವರನ್ನೋ ಮೂರು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ಕರೆಯುತ್ತೇವೆ. ಹೊಂದಿಕೊಂಡವರು ಉಳಿದುಕೊಳ್ಳುತ್ತಾರೆ. ನಿಮ್ಮ ಮೇಲ್ ಅದಕ್ಕೂ ಎರಡು ತಿಂಗಳು ಮೊದಲು ಬಂದಿದ್ದರೆ ಎಲ್ಲೋ ಅಡಿಗೆ ಬಿದ್ದಿರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಹೊಸ ಶಾಟ್ ಸೇರಿಸಿ ಮತ್ತೆ ಕಳಿಸಿ. ನಾಚಿಕೆ ಬೇಡ.

ಕಳಿಸಬೇಕಾದ್ದು ಶೋರೀಲ್, ಅಂದರೆ ನೀವು ಮಾಡಿದ ಶಾಟ್‌ಗಳನ್ನು ಜೋಡಿಸಿದ ವಿಡಿಯೋ. ಒಂದು ನಿಮಿಷ ಸಾಕು. ಚೆನ್ನಾಗಿರುವುದು ಮೊದಲಿಗೇ ಬರಲಿ. ಹೆಸರನ್ನು 15 ಸೆಕೆಂಡ್ ಗಿರಗಿರ ತಿರುಗಿಸುವ ರೀಲ್‌ಗಳು ಎಷ್ಟೋ ಬರುತ್ತವೆ, ಅಷ್ಟರಲ್ಲಿ ನಾನು ಮುಚ್ಚಿರುತ್ತೇನೆ. ಗುಂಪಿನಲ್ಲಿ ಮಾಡಿದ್ದಾದರೆ ನಿಮ್ಮ ಪಾಲು ಯಾವುದು ಅಂತ ಬರೆಯಿರಿ. ಸುಳ್ಳು ಹೇಳಿದರೆ ಮೊದಲ ವಾರವೇ ಗೊತ್ತಾಗುತ್ತದೆ.

ಒಮ್ಮೆ ಒಬ್ಬ ಹುಡುಗಿ ಬರೀ 7 ಸೆಕೆಂಡಿನ ಪೆನ್ಸಿಲ್ ಶಾಟ್ ಕಳಿಸಿದ್ದಳು. ಅಜ್ಜಿಯೊಬ್ಬಳು ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತಾಳೆ, ಅಷ್ಟೇ. ಎತ್ತುವ ಮೊದಲು ಸೆರಗು ಸಿಕ್ಕಿಸುತ್ತಾಳೆ. ಮಂಡಿ ಬಾಗುತ್ತದೆ. ಕೊಡ ಮೇಲೇಳುವ ಒಂದು ಗಳಿಗೆ ಮೊದಲೇ ಹೆಗಲು ಬಿಗಿಯಾಗುತ್ತದೆ. ಭಾರ ಸೊಂಟಕ್ಕೆ ಬಂದ ಕೂಡಲೇ ಇನ್ನೊಂದು ಕೈ ತನ್ನಷ್ಟಕ್ಕೇ ಹೊರಗೆ ಚಾಚುತ್ತದೆ, ಸ್ವಲ್ಪ ನೀರು ತುಳುಕುತ್ತದೆ. ಬಣ್ಣವಿಲ್ಲ, ಬ್ಯಾಕ್‌ಗ್ರೌಂಡಿಲ್ಲ, ಆದರೂ ಆ ಕೊಡದ ಭಾರ ನನಗೆ ಗೊತ್ತಾಯಿತು. ಅವತ್ತೇ ಫೋನ್ ಮಾಡಿದೆ. ನಡೆಯುವಾಗ ಪಾದ ನೆಲದ ಮೇಲೆ ಜಾರುವ, ತೂಕವೇ ಇಲ್ಲದ ಡ್ರ್ಯಾಗನ್‌ಗಳಿಗಿಂತ ಇಂಥ ಒಂದು ಅಜ್ಜಿ ವಾಸಿ.

ಇನ್ನೊಂದು ಮಾತು. ಬೆಂಗಳೂರಿನಲ್ಲೂ ಸ್ಟುಡಿಯೋ ಇದ್ದ ದೊಡ್ಡ ಅನಿಮೇಷನ್, ಗ್ರಾಫಿಕ್ಸ್ ಕಂಪನಿ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿದಾಗ ಬೆಂಗಳೂರಿನಲ್ಲಿ ಅನುಭವಿಗಳೇ ಕೆಲಸ ಹುಡುಕಬೇಕಾಯಿತು. ಉತ್ತರ ಬರದಿದ್ದರೆ ಪ್ರತಿ ಸಲವೂ ತಪ್ಪು ನಿಮ್ಮದೇ ಅಂದುಕೊಳ್ಳಬೇಡಿ.

ಪ್ರಶ್ನೆ: ಒಂದು ಸ್ಟುಡಿಯೋ 40 ಸೆಕೆಂಡಿನ ಟೆಸ್ಟ್ ಕೊಟ್ಟಿದೆ. ಸಂಬಳದ ಮಾತು ಆಮೇಲಂತೆ. ಮಾಡಲಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಟೆಸ್ಟ್ ಕೇಳುವುದು ತಪ್ಪಲ್ಲ, ನಾವೂ ಕೇಳುತ್ತೇವೆ. ನಮ್ಮದೇ ಹಳೆಯ ಪಾತ್ರ ಕೊಟ್ಟು 4–5 ಸೆಕೆಂಡ್ ಮಾಡಿಸುತ್ತೇವೆ. ಆಮೇಲೆ ಒಂದು ತಿದ್ದುಪಡಿ ಹೇಳುತ್ತೇವೆ. ನಿಜವಾದ ಪರೀಕ್ಷೆ ಆ ತಿದ್ದುಪಡಿಯೇ. ಮುಖ ಸಿಂಡರಿಸದೆ ಸರಿಮಾಡಿ ಕಳಿಸುವವರ ಜತೆ ಕೆಲಸ ಮಾಡಬಹುದು. 40 ಸೆಕೆಂಡ್ ಅಂದರೆ ಎಷ್ಟೋ ಜಾಹೀರಾತುಗಳಿಗಿಂತ ಜಾಸ್ತಿ. ಅದು ಟೆಸ್ಟ್ ಅಲ್ಲ, ಬಿಟ್ಟಿ ಚಾಕರಿ. 'ಐದು ಸೆಕೆಂಡ್ ಮಾಡಿಕೊಡುತ್ತೇನೆ, ಜಾಸ್ತಿ ಬೇಕಿದ್ದರೆ ದರ ಹೇಳಿ' ಅಂತ ಮರ್ಯಾದೆಯಾಗಿ ಬರೆಯಿರಿ. ಟ್ರೇನಿಂಗ್ ಅಂತ ಅವರೇ ನಿಮ್ಮಿಂದ ದುಡ್ಡು ಕೇಳಿದರೆ ಉತ್ತರ ಬರೆಯುವ ಕಷ್ಟವನ್ನೂ ತಗೋಬೇಡಿ.

ಪ್ರಶ್ನೆ: ಮಗ ಅನಿಮೇಷನ್ ಕಲಿಯಬೇಕಂತೆ. ದುಬಾರಿ ಸಾಫ್ಟ್‌ವೇರ್ ಕೊಡಿಸಲೇಬೇಕಾ?
– ತಾಯಿಯೊಬ್ಬರು, ಶಿವಮೊಗ್ಗ

ಉತ್ತರ: ಈಗಲೇ ಬೇಡ ಅಮ್ಮ. ಬ್ಲೆಂಡರ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಸಿನಿಮಾ ತಯಾರಾದದ್ದು ಅದರಲ್ಲೇ. ಆ ದುಡ್ಡಲ್ಲಿ ಒಂದೆರಡು ಸ್ಕೆಚ್‌ಬುಕ್ ಕೊಡಿಸಿ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನ ಹೇಗೆ ಬಸ್ ಹತ್ತುತ್ತಾರೆ ಅಂತ ನೋಡಿ ಚಿತ್ರ ಬರೆಯಲು ಹೇಳಿ.