ಹೆಲ್ಮೆಟ್ ಹಾಕಿಕೊಂಡ ಮೇಲೆ ಮಾತೇ ಇಲ್ಲ, ಮತ್ತೆ ಗೆಳೆಯರ ಜೊತೆ ಯಾಕೆ ಹೋಗಬೇಕು?

ನೀವು ಕೇಳಿರುವುದು ಇಷ್ಟು: ದಿನವಿಡೀ ಒಬ್ಬೊಬ್ಬರು ಒಂದೊಂದು ಬೈಕಿನಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಹೋಗುತ್ತೀರಿ, ಇದನ್ನು ಗೆಳೆಯರ ಜೊತೆಗಿನ ಪ್ರವಾಸ ಅಂತ ಹೇಗೆ ಕರೆಯುತ್ತೀರಿ? ಕಾರಿನಲ್ಲಿ ಹೋದರೆ ಹರಟೆಯಾದರೂ ಹೊಡೆಯಬಹುದಲ್ಲ?

ನ್ಯಾಯವಾದ ಪ್ರಶ್ನೆ. ನಮ್ಮ ಮನೆಯವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ಜೋರಾಗಿ. ಮೀಸೆ ಮೂಡುವ ಕಾಲಕ್ಕೆ ಹತ್ತಿದ ಬೈಕಿನ ಹುಚ್ಚು, ಮೀಸೆ ಬೆಳ್ಳಗಾದರೂ ಇಳಿದಿಲ್ಲ. ಜೊತೆಗೆ ಓಡಿಸುವ ಗೆಳೆಯರೂ ಹೆಚ್ಚುಕಡಿಮೆ ಆ ಕಾಲದವರೇ. ಹಾಗಾಗಿ ಉತ್ತರ ಹೇಳುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಕಾರಿನಲ್ಲಿ ಒಬ್ಬ ಓಡಿಸುತ್ತಾನೆ, ಉಳಿದವರೆಲ್ಲ ಲಗೇಜು. ಬೈಕಿನಲ್ಲಿ ಹಾಗಲ್ಲ. ಅದೇ ರಸ್ತೆ, ಅದೇ ಗಾಳಿ, ಅದೇ ತಿರುವು ಎಲ್ಲರ ಕೈಗೂ ಬೇರೆ ಬೇರೆಯಾಗಿ ಬರುತ್ತದೆ. 1915ರಲ್ಲಿ ಎಫಿ ಹಾಚ್‌ಕಿಸ್ ಎಂಬಾಕೆ ತಾಯಿಯನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಅಮೆರಿಕವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿದಳು. ಮರುವರ್ಷ, 1916ರಲ್ಲಿ, ಆಗಸ್ಟಾ ಮತ್ತು ಆಡಲೈನ್ ವ್ಯಾನ್ ಬ್ಯೂರೆನ್ ಎಂಬ ಅಕ್ಕತಂಗಿಯರೂ ಅಷ್ಟೇ ಉದ್ದದ ದಾರಿ ಹಿಡಿದರು. ಆದರೆ ಇಬ್ಬರಿಗೂ ಒಂದೊಂದು ಇಂಡಿಯನ್ ಬೈಕ್. ಗಂಡಸರ ಥರ ಚರ್ಮದ ಚಲ್ಲಣ ತೊಟ್ಟಿದ್ದಾರೆ ಅಂತ ದಾರಿಯಲ್ಲಿ ಪೊಲೀಸರು ಹಿಡಿದು ನಿಲ್ಲಿಸಿದ್ದೂ ಉಂಟು. ಎರಡೂ ಸಾಹಸವೇ. ಆದರೆ ನೀವು ಕೇಳುತ್ತಿರುವ ‘ಜೊತೆ’ ಅಂದರೆ ಏನು ಅನ್ನುವುದು ಆ ಅಕ್ಕತಂಗಿಯರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಬೈಕ್ ತಿರುಗಿಸುವ ಕೆಲಸವನ್ನೇ ನೋಡಿ. ವೇಗ ಸ್ವಲ್ಪ ಏರಿದ ಮೇಲೆ ಬಲಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಬಲತುದಿಯನ್ನು ಮುಂದಕ್ಕೆ ಒತ್ತಬೇಕು. ಮುಂದಿನ ಚಕ್ರ ಅರೆಕ್ಷಣ ಎಡಕ್ಕೆ ಹೊರಳುತ್ತದೆ, ಬೈಕ್ ಬಲಕ್ಕೆ ವಾಲುತ್ತದೆ, ವಾಲಿದ ಮೇಲೆ ತಿರುಗುತ್ತದೆ. ಓಡಿಸುವವರೆಲ್ಲ ಇದನ್ನೇ ಮಾಡುತ್ತಾರೆ, ಬಹಳಷ್ಟು ಜನಕ್ಕೆ ತಾವು ಮಾಡುತ್ತಿರುವುದು ಗೊತ್ತೇ ಇರುವುದಿಲ್ಲ. ವಿಮಾನ ಹಾರಿಸಿದ ವಿಲ್ಬರ್ ರೈಟ್ ಮೊದಲು ಸೈಕಲ್ ವ್ಯಾಪಾರಿಯಾಗಿದ್ದವನು. ಎಡಕ್ಕೆ ಹೇಗೆ ತಿರುಗುತ್ತೀರಿ ಅಂತ ಎಷ್ಟೋ ಸೈಕಲ್ ಸವಾರರನ್ನು ಕೇಳಿದ್ದನಂತೆ, ಪೂರ್ತಿ ಸರಿಯಾಗಿ ಹೇಳಿದವರು ಒಬ್ಬರೂ ಇರಲಿಲ್ಲವಂತೆ. ಮೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಅಂಥ ಕೆಲಸದಲ್ಲಿ ದಿನಗಟ್ಟಲೆ ಮುಳುಗಿದವನನ್ನು ಹಿಂದಿನಿಂದ ನೋಡುತ್ತಾ ಹೋದರೆ, ಅವನು ಎದುರು ಕೂತು ಹೇಳದ ಎಷ್ಟೋ ಸಂಗತಿ ತಿಳಿಯುತ್ತದೆ.

ನಮ್ಮಲ್ಲೊಬ್ಬ ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಮುಟ್ಟುವುದಿಲ್ಲ. ಎಲ್ಲ ವೇಗವನ್ನೂ ಮೊದಲೇ ಇಳಿಸಿ, ಗೇರ್ ಇಳಿಸಿ, ನಿಧಾನ ಒಳಹೋಗಿ ನಯವಾಗಿ ಹೊರಬರುತ್ತಾನೆ. ಜೀವನದಲ್ಲೂ ಅವನು ಹಾಗೇ, ಏನೇ ಆದರೂ ಮೊದಲೇ ಲೆಕ್ಕ ಹಾಕಿರುತ್ತಾನೆ, ಕೆಲವೊಮ್ಮೆ ತಲೆಕೆಡುವಷ್ಟು. ಇನ್ನೊಬ್ಬನಿಗೆ ದಣಿವಾದರೆ ಬಾಯಿಬಿಟ್ಟು ಹೇಳುವ ಜಾತಿಯಲ್ಲ. ಆದರೆ ತಿರುಗಿ ಆದಮೇಲೂ ಇಂಡಿಕೇಟರ್ ಮಿಣುಕುತ್ತಲೇ ಇರುತ್ತದೆ, ಗೇರ್ ಬದಲಿಸುವುದು ತಡವಾಗುತ್ತದೆ. ಅದನ್ನು ಕಂಡವರು ಮುಂದೆ ಹೋಗಿ, ತಮಗೇ ಸುಸ್ತಾಗಿದೆ ಅನ್ನುವ ಹಾಗೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಅವನ ಮಾನವೂ ಉಳಿಯುತ್ತದೆ, ಪ್ರಾಣವೂ.

ಗುಂಪಾಗಿ ಹೋಗುವುದಕ್ಕೆ ಅದರದ್ದೇ ಶಿಸ್ತಿದೆ, ಅದು ಹೊರಗಿನವರಿಗೆ ಕಾಣುವುದಿಲ್ಲ. ನೆಟ್ಟಗಿನ ರಸ್ತೆಯಲ್ಲಿ ನಾವು ಅಡ್ಡಸಾಲಿನಲ್ಲಿ ಹೋಗುವುದಿಲ್ಲ, ಒಬ್ಬರ ಬೆನ್ನಿಗೆ ಒಬ್ಬರೂ ಅಂಟುವುದಿಲ್ಲ. ಮೊದಲನೆಯವನು ಲೇನಿನ ಒಂದು ಬದಿಗಿದ್ದರೆ ಎರಡನೆಯವನು ಇನ್ನೊಂದು ಬದಿಗೆ, ಒಂದು ಸೆಕೆಂಡಿನಷ್ಟು ಹಿಂದೆ. ಮೂರನೆಯವನು ಮೊದಲನೆಯವನ ನೇರಕ್ಕೆ, ಎರಡು ಸೆಕೆಂಡು ಹಿಂದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ದಾಟಿರುತ್ತೇವೆ. ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ತಿರುವು ಬಂದರೆ ಈ ಸಾಲು ಮುರಿದು ಎಲ್ಲರೂ ಒಬ್ಬರ ಹಿಂದೆ ಒಬ್ಬರಾಗುತ್ತೇವೆ, ಅವರವರ ತಿರುವನ್ನು ಅವರವರೇ ಪೂರ್ತಿ ಬಳಸಿಕೊಳ್ಳಲಿ ಅಂತ.

ಹೊಸಬರನ್ನು ‘ಹಿಂದೆ ನಿಧಾನಕ್ಕೆ ಬಾ’ ಅಂತ ಕೊನೆಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗುಂಪು ರಬ್ಬರಿನ ದಾರದಂತೆ ಹಿಗ್ಗುತ್ತದೆ: ಮುಂದಿನವನು ಚೂರು ವೇಗ ಹೆಚ್ಚಿಸಿದರೆ ಕೊನೆಯವನು ಆ ಅಂತರ ತುಂಬಲು ಅದಕ್ಕಿಂತ ಎಷ್ಟೋ ಜೋರಾಗಿ ಓಡಿಸಬೇಕಾಗುತ್ತದೆ. ಎಲ್ಲರಿಗಿಂತ ಅನುಭವ ಕಡಿಮೆ ಇರುವವನೇ ಎಲ್ಲರಿಗಿಂತ ಜೋರಾಗಿ ಹೋಗಬೇಕಾದ ಜಾಗ ಅದು! ಹೊಸಬರ ಜಾಗ ಎರಡನೆಯದು, ಮುಂದಾಳುವಿನ ಕನ್ನಡಿಯಲ್ಲಿ ಸದಾ ಕಾಣುವಂತೆ. ಕೊನೆಯಲ್ಲಿ ಇರಬೇಕಾದವನು ಪಳಗಿದವನು, ಪಂಕ್ಚರ್ ಹಾಕಲು ಬರುವವನು, ಯಾರನ್ನೂ ಹಿಂದೆ ಬಿಟ್ಟು ಬರದವನು.

ಇದಕ್ಕೆಲ್ಲ ಕಲಶವಿಟ್ಟಂಥ ನಿಯಮ ಒಂದಿದೆ. ಕೂಡುರಸ್ತೆಯಲ್ಲಿ ದಾರಿ ಬದಲಿಸುವ ಮೊದಲು ಹಿಂದಿನವನು ನಿನ್ನನ್ನು ಕಾಣುವವರೆಗೆ ನಿಲ್ಲು. ಅಷ್ಟೇ. ಮುಂದಿನವನನ್ನು ಹಿಂಬಾಲಿಸುವುದು ನಿನ್ನ ಜವಾಬ್ದಾರಿಯಲ್ಲ, ಹಿಂದಿನವನನ್ನು ನೋಡಿಕೊಳ್ಳುವುದು ನಿನ್ನ ಜವಾಬ್ದಾರಿ. ಕೊನೆಯವನ ಬೈಕ್ ಕೆಟ್ಟು ನಿಂತಿತು ಅನ್ನಿ. ಅವನ ಮುಂದಿನವನು ಕೂಡುರಸ್ತೆಯಲ್ಲಿ ನಿಲ್ಲುತ್ತಾನೆ, ಅವನು ಕಾಣದ್ದಕ್ಕೆ ಇನ್ನೂ ಮುಂದಿನವನು, ಹೀಗೆ ಒಂದೂ ಫೋನ್ ಕರೆಯಿಲ್ಲದೆ ಇಡೀ ಗುಂಪು ತಾನಾಗಿ ನಿಲ್ಲುತ್ತದೆ. ದಿನವಿಡೀ ಕನ್ನಡಿಯಲ್ಲಿ ಒಬ್ಬನ ಹೆಡ್‌ಲೈಟ್ ಇದೆಯೋ ಇಲ್ಲವೋ ಅಂತ ನೋಡುತ್ತಾ ಹೋಗುವುದು, ನಮ್ಮ ಹೆಡ್‌ಲೈಟನ್ನು ಇನ್ನೊಬ್ಬ ಹಾಗೇ ನೋಡುತ್ತಿದ್ದಾನೆ ಅಂತ ಗೊತ್ತಿರುವುದು, ಇದಕ್ಕಿಂತ ಹರಟೆ ಹೆಚ್ಚು ಅಂತ ನನಗೆ ಅನ್ನಿಸಿಲ್ಲ.

ಈಗ ಹೆಲ್ಮೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಇಂಟರ್‌ಕಾಮ್ ಬಂದಿದೆ, ಮಾತಾಡುತ್ತಾ ಹೋಗಬಹುದು. ‘ಮುಂದೆ ಮರಳಿದೆ’ ಅಂತ ಎಚ್ಚರಿಸಲು ಒಳ್ಳೆಯದೇ. ಆದರೆ ನಮ್ಮ ಗುಂಪಿನಲ್ಲಿ ಅದು ಎಚ್ಚರಿಕೆಯಲ್ಲಿ ಶುರುವಾಗಿ ಸಾಲದ ಕಂತಿನ ಮಾತಿಗೆ ಬಂದು ನಿಂತಿತು. ನಾನಂತೂ ತೆಗೆದಿಟ್ಟೆ. ನನ್ನ ಕಿವಿಯಲ್ಲಿರುವುದು ಇಯರ್‌ಪ್ಲಗ್. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿಸದ್ದು 90 ಡೆಸಿಬೆಲ್ ದಾಟುತ್ತದೆ, ಗಂಟೆಗಟ್ಟಲೆ ಕೇಳಿದರೆ ಕಿವಿಗೆ ಶಾಶ್ವತ ಪೆಟ್ಟು. ದಿನದ ಕೊನೆಯ ಸುಸ್ತಿನಲ್ಲಿ ದೊಡ್ಡ ಪಾಲು ಆ ಸದ್ದಿನದೇ. ವಯಸ್ಸಾಗುವವರೆಗೆ ಓಡಿಸಬೇಕು ಅನ್ನುವವರು ಇಂಥದ್ದಕ್ಕೆ ತಲೆಬಾಗಲೇಬೇಕು. ನಮ್ಮಲ್ಲಿ ಕೆಲವರು ಭಾರದ ಬೈಕ್ ಮಾರಿ ಹಗುರದ್ದಕ್ಕೆ ಬಂದಿದ್ದಾರೆ, ಕತ್ತಲಾದ ಮೇಲೆ ಯಾರೂ ಓಡಿಸುವುದಿಲ್ಲ, ಮಣಿಕಟ್ಟು ಮರಗಟ್ಟುವ ಮೊದಲೇ ನಿಲ್ಲುತ್ತೇವೆ. ಟೆಡ್ ಸೈಮನ್ 1973ರಿಂದ 1977ರವರೆಗೆ ಟ್ರಯಂಫ್ ಬೈಕಿನಲ್ಲಿ ಪ್ರಪಂಚ ಸುತ್ತಿದ್ದಲ್ಲದೆ, ಎಪ್ಪತ್ತರ ಹೊಸ್ತಿಲಲ್ಲಿ, 2001ರಲ್ಲಿ, ಮತ್ತೆ ಹೊರಟ. ಅವನು ಹೋದದ್ದು ಒಂಟಿಯಾಗಿ. ನನಗೆ ಒಂಟಿ ಸವಾರಿ ಬೆಳಗ್ಗೆ ಒಂದು ಗಳಿಗೆ ಚೆನ್ನ, ಆಮೇಲೆ ಕಣ್ಣು ಸುಮ್ಮನೆ ಖಾಲಿ ಕನ್ನಡಿಗೆ ಹೋಗುತ್ತದೆ.

ಅಂದಹಾಗೆ, ಹರಟೆ ಇಲ್ಲ ಅಂದವರಾರು? ನಿಲ್ಲಿಸಿ ಹೆಲ್ಮೆಟ್ ತೆಗೆದ ತಕ್ಷಣ ಎಲ್ಲರೂ ಒಟ್ಟಿಗೆ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ, ಇಯರ್‌ಪ್ಲಗ್ ತೆಗೆಯುವುದು ಮರೆತವರಂತೂ ಕಿರುಚುತ್ತಾರೆ.

ನಿಮ್ಮ ಗೆಳೆಯರು ಕರೆದರೆ ಒಮ್ಮೆ ಹೋಗಿ ಬನ್ನಿ. ಸ್ವಂತ ಬೈಕಿದ್ದರೆ ಎರಡನೆಯ ಜಾಗ ಕೇಳಿ, ನಾಚಬೇಡಿ. ಕೊನೆಗೆ ಬಾ ಅಂದರೆ ಆ ಗುಂಪು ಬೇಡ. ಹಿಂದೆ ಕೂರುವುದಾದರೆ ತಿರುವಿನಲ್ಲಿ ಹೆದರಿ ಎದುರುಬದಿಗೆ ವಾಲಬೇಡಿ; ಓಡಿಸುವವರ ಭುಜದ ಮೇಲಿಂದ, ಬೈಕ್ ಯಾವ ಕಡೆ ತಿರುಗುತ್ತಿದೆಯೋ ಆ ಕಡೆ ನೋಡಿ, ಉಳಿದದ್ದನ್ನು ನಿಮ್ಮ ಮೈ ನೋಡಿಕೊಳ್ಳುತ್ತದೆ.