ಜರೀನಾ ಲೀ ಎದ್ದು ನಿಂತರು

ಪ್ರಶ್ನೆ: ಅಮೆರಿಕದ ಚರ್ಚ್‌ಗಳ ಇತಿಹಾಸ ಓದಿದರೆ ಬರೀ ಪಾದ್ರಿಗಳು, ಬಿಷಪ್‌ಗಳ ಹೆಸರೇ ಸಿಗುತ್ತದೆ. ಹೆಂಗಸರು ಏನೂ ಮಾಡಲಿಲ್ಲವೇ ಮೇಡಂ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಕಾದಷ್ಟು ಮಾಡಿದ್ದಾರೆ. ಅಲ್ಲಿ ಆರಾಧನೆಗೆ ಬಂದು ಕೂರುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಹೊಲಿಗೆ ಸಂಘ ಕಟ್ಟಿಕೊಂಡು ಮಿಷನ್‌ಗಳಿಗೆ ದುಡ್ಡು ಕೂಡಿಸಿದವರೂ ಅವರೇ. ಆದರೆ ಪ್ರಸಂಗ, ಅಂದರೆ ಚರ್ಚ್‌ನಲ್ಲಿ ಧರ್ಮೋಪದೇಶ, ಮಾಡುವುದು, ಸಭೆಯ ದಾಖಲೆ ಬರೆಯುವುದು ಗಂಡಸರ ಕೈಯಲ್ಲಿತ್ತು. ಉಳಿದದ್ದೂ ಅವರ ಹೆಸರೇ.

ನನಗೆ ತುಂಬ ಇಷ್ಟವಾದ ಒಬ್ಬರ ಬಗ್ಗೆ ಹೇಳುತ್ತೇನೆ. ಜರೀನಾ ಲೀ ಹುಟ್ಟಿದ್ದು 1783ರಲ್ಲಿ, ನ್ಯೂಜೆರ್ಸಿಯ ಕೇಪ್ ಮೇ ಊರಿನಲ್ಲಿ. ಕಪ್ಪು ಜನಾಂಗದವರು. ಗುಲಾಮರಾಗಿರಲಿಲ್ಲ, ಆದರೆ ಏಳನೇ ವಯಸ್ಸಿಗೇ ಹೆತ್ತವರಿಂದ ದೂರ ಮನೆಗೆಲಸಕ್ಕೆ ಹೋದರು. ಮುಂದೆ ಫಿಲಡೆಲ್ಫಿಯಾದ ಕಪ್ಪು ಜನರ ಬೆಥೆಲ್ ಚರ್ಚ್ ಸೇರಿದರು. ಪ್ರಸಂಗ ಮಾಡು ಅಂತ ದೇವರು ಕರೆದಿದ್ದಾನೆ ಎಂದು ಪಾದ್ರಿ ರಿಚರ್ಡ್ ಅಲೆನ್ ಬಳಿ ಹೇಳಿಕೊಂಡರು. ನಮ್ಮ ನಿಯಮದಲ್ಲಿ ಹೆಂಗಸರಿಗೆ ಅದಕ್ಕೆ ಅವಕಾಶವಿಲ್ಲ ಅಂದುಬಿಟ್ಟರು ಅವರು. ಆಮೇಲೆ ಮದುವೆಯಾಯಿತು. ಗಂಡ ತೀರಿಹೋದರು. ಎರಡು ಚಿಕ್ಕ ಮಕ್ಕಳು ಉಳಿದವು.

ಅಲೆನ್ ಹಾಗೆ ಅಂದು ಎಂಟು ವರ್ಷ ಕಳೆದ ಮೇಲೆ ಒಂದು ದಿನ ಬೆಥೆಲ್‌ನಲ್ಲಿ ಬೇರೆ ಪಾದ್ರಿ ಬೈಬಲ್‌ನ ಯೋನನ ಪುಸ್ತಕದ ಮೇಲೆ ಪ್ರಸಂಗ ಮಾಡುತ್ತಾ ಮಧ್ಯದಲ್ಲೇ ತಡವರಿಸಿದರು. ಜರೀನಾ ತಟ್ಟನೆ ಎದ್ದರು. ಅದೇ ವಚನ ಹಿಡಿದು ಮಾತಾಡಿದರು. ನಾನೂ ಯೋನನ ಹಾಗೆ ದೇವರ ಕರೆಗೆ ಓಗೊಡದೆ ಇಷ್ಟು ವರ್ಷ ಕಳೆದೆ ಅಂದರು. ಕೂತ ಮೇಲೆ ಹೆದರಿಕೆ, ಎಲ್ಲಿ ಚರ್ಚ್‌ನಿಂದ ಹೊರಗೆ ಹಾಕುತ್ತಾರೋ ಅಂತ. ಆದರೆ ಅಲೆನ್ ಆಗ ಬಿಷಪ್. ಅವರೇ ಎದ್ದು, ಇಲ್ಲಿರುವ ಯಾವ ಪ್ರಸಂಗಿಗೂ ಕಡಿಮೆಯಿಲ್ಲದ ಕರೆ ಈಕೆಗೂ ಇದೆ ಅಂತ ಎಲ್ಲರೆದುರು ಒಪ್ಪಿಕೊಂಡರು.

ಹಾಗಂತ ಪಾದ್ರಿ ದೀಕ್ಷೆ ಕೊಡಲಿಲ್ಲ. ಆದರೂ ಜರೀನಾ ಊರೂರು ಸುತ್ತಿದರು. 1827ರ ಒಂದೇ ವರ್ಷದಲ್ಲಿ 2,325 ಮೈಲಿ ತಿರುಗಿ 178 ಪ್ರಸಂಗ ಮಾಡಿದರು. ಗುಲಾಮಗಿರಿಯಿದ್ದ ಮೇರಿಲ್ಯಾಂಡ್‌ಗೂ ಹೋದರು. ಎಂಥ ಎದೆಗಾರಿಕೆ ಬೇಕು ಅಲ್ವಾ? ರಕ್ಷಕ ಯೇಸು ಸತ್ತದ್ದು ಗಂಡಸರಿಗಾಗಿ ಮಾತ್ರವಲ್ಲ, ಹೆಂಗಸರಿಗೂ ಅಂತ ಅವರು ವಾದ ಹೂಡಿದರು. ಸತ್ತು ಮತ್ತೆ ಎದ್ದು ಬಂದ ಯೇಸುವಿನ ಸುದ್ದಿಯನ್ನು ಮೊದಲು ಸಾರಿದ್ದೇ ಅವನ ಶಿಷ್ಯೆ ಮರಿಯಳಲ್ಲವೇ ಅಂತ ಕೇಳಿದರು.

ಇದೆಲ್ಲ ನಮಗೆ ಗೊತ್ತಾಗಿರುವುದು ಅವರೇ ಬರೆದಿಟ್ಟದ್ದರಿಂದ. 1836ರಲ್ಲಿ ಕೈಯಿಂದ ಹಣ ಹಾಕಿ ತಮ್ಮ ಜೀವನ ಕತೆಯ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಸಭೆಗಳಿಗೆ ಹೋದಲ್ಲಿ ಮಾರಿದರು. ಮುಂದೆ ಅದನ್ನೇ ದೊಡ್ಡದಾಗಿ ಬರೆದಾಗ ಚರ್ಚ್‌ನ ಪುಸ್ತಕ ಸಮಿತಿ ಪ್ರಕಟಿಸಲು ಒಪ್ಪಲಿಲ್ಲ. 1849ರಲ್ಲಿ ಅದನ್ನೂ ತಾವೇ ಅಚ್ಚು ಹಾಕಿಸಿದರು. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಇಂಗ್ಲಿಷ್ ಓದುವವರಾದರೆ ಖಂಡಿತ ಓದಿ.